ಹೊಗೆ, ಎಣ್ಣೆ, ಸದ್ದು: ಕಾಶಿಯ ಡೀಸೆಲ್ ಎಂಜಿನ್ನಿನ ಕಾಯಿಲೆ ಕಸಾಲೆ

ಡೀಸೆಲ್ ಶೆಡ್ಡಿನಲ್ಲಿ ರೈಲು ಎಂಜಿನ್ ಬಂದ್ ಮಾಡಿದ ಕೂಡಲೇ ಎಲ್ಲ ಸದ್ದೂ ಅಡಗುವುದಿಲ್ಲ. ಹದಿನಾರು ಸಿಲಿಂಡರುಗಳ ಗುಡುಗು ನಿಂತ ಮೇಲೂ ತೆಳ್ಳಗಿನ ಒಂದು ಸಿಳ್ಳು ಉಳಿದಿರುತ್ತದೆ. ಅದು ಸಿಲಿಂಡರುಗಳಿಗೆ ಗಾಳಿ ತುಂಬುವ ಟರ್ಬೊದ ರೋಟರು ಇನ್ನೂ ತಿರುಗುತ್ತಿರುವ ಸದ್ದು. ಫಿಟ್ಟರು ಕೈಗಡಿಯಾರ ನೋಡುತ್ತಾ ಟರ್ಬೊದ ಕವಚದ ಪಕ್ಕ ಕಿವಿಗೊಟ್ಟು ನಿಲ್ಲುತ್ತಾನೆ. ಆ ಸಿಳ್ಳು ಪೂರ್ತಿ ಅಡಗಲು 90ರಿಂದ 180 ಸೆಕೆಂಡು ಹಿಡಿಯಬೇಕು. ಅದಕ್ಕೂ ಮೊದಲೇ ನಿಂತಿತೆಂದರೆ ಒಳಗೆ ಬೇರಿಂಗ್ ಹಿಡಿಯುತ್ತಿದೆ, ಇಲ್ಲವೇ ರೋಟರಿನ ರೆಕ್ಕೆ ಎಲ್ಲೋ ತಾಗುತ್ತಿದೆ. ಒಂದು ಬೋಲ್ಟನ್ನೂ ಬಿಚ್ಚದೆ ರೋಗ ಗೊತ್ತಾಯಿತು.

ಬೆಂಗಳೂರಿನ ಕೃಷ್ಣರಾಜಪುರ ಶೆಡ್ಡಿನಿಂದ ಹಿಡಿದು ದೇಶದ ಎಷ್ಟೋ ಶೆಡ್ಡುಗಳಲ್ಲಿ ಹೀಗೆ ಪರೀಕ್ಷೆಗೆ ನಿಂತ ಎಂಜಿನ್‌ಗಳ ತವರು ಒಂದೇ, ಕಾಶಿ. ಕನ್ನಡಿಗರಿಗೆ ಕಾಶಿ ಎಂದರೆ ವಿಶ್ವನಾಥ, ಮಣಿಕರ್ಣಿಕಾ ಘಾಟ್, ಜಂಗಮವಾಡಿ ಮಠ, ಮೊಹರು ಹಾಕಿದ ಗಂಗಾಜಲದ ಗಿಂಡಿ. ಆ ಗಿಂಡಿ ಹಿಡಿದು ಊರಿಗೆ ಮರಳಿದವರ ರೈಲನ್ನು ಎಳೆದು ತಂದದ್ದೂ ಬಹುಮಟ್ಟಿಗೆ ಅದೇ ಊರಿನ ಸರಕು ಎಂಬುದು ಯಾತ್ರೆಯ ಕಥೆಗಳಲ್ಲಿ ಬರುವುದಿಲ್ಲ. ಘಾಟುಗಳಿಂದ ದೂರ, ಊರಿನ ನೈಋತ್ಯಕ್ಕೆ, ಮಂಡುವಾಡೀಹ್ ನಿಲ್ದಾಣದ ಬಳಿ ಆ ಕಾರ್ಖಾನೆ ಇದೆ. ಕಾಗದದಲ್ಲಿ ಅದು 2020ರವರೆಗೆ ಡೀಸೆಲ್ ಲೋಕೋಮೋಟಿವ್ ವರ್ಕ್ಸ್, ಡಿಎಲ್‌ಡಬ್ಲ್ಯೂ. ಹಿಂದಿಯಲ್ಲಿ ಡೀಸೆಲ್ ರೇಲ್ ಇಂಜನ್ ಕಾರ್‌ಖಾನಾ. ಮೊದಲಕ್ಷರಗಳನ್ನು ಜೋಡಿಸಿ ಊರವರು ಕರೆದದ್ದು ಡೀರೇಕಾ.

1956ರ ಏಪ್ರಿಲ್ 23ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಇದಕ್ಕೆ ಅಡಿಗಲ್ಲು ಹಾಕಿದಾಗ ರೈಲ್ವೆ ಮಂತ್ರಿಯಾಗಿದ್ದವರು ಲಾಲ್ ಬಹಾದೂರ್ ಶಾಸ್ತ್ರಿ, ಗಂಗೆಯಾಚೆಯ ಮೊಘಲ್‌ಸರಾಯ್‌ನಲ್ಲಿ ಹುಟ್ಟಿದವರು. ಅದೇ ವರ್ಷದ ಕೊನೆಯಲ್ಲಿ ಅರಿಯಲೂರಿನ ರೈಲು ದುರಂತದ ಹೊಣೆ ಹೊತ್ತು ಅವರು ರಾಜೀನಾಮೆ ಕೊಟ್ಟರು. ಕಾರ್ಖಾನೆ ಕಣ್ಣು ಬಿಟ್ಟದ್ದು 1961ರ ಆಗಸ್ಟ್‌ನಲ್ಲಿ. 1964ರ ಜನವರಿ 3ರಂದು ಅಲ್ಲಿ ತಯಾರಾದ ಮೊದಲ ಎಂಜಿನ್ನನ್ನು ದೇಶಕ್ಕೆ ಒಪ್ಪಿಸಲು ಬಂದವರೂ ಅದೇ ಶಾಸ್ತ್ರಿಯವರು. ಆ ವರ್ಷ ಜೂನ್‌ ಹೊತ್ತಿಗೆ ಅವರು ಪ್ರಧಾನಿ.

ಎಂಜಿನ್ನಿನ ಹೆಸರು ಡಬ್ಲ್ಯೂಡಿಎಂ-2. ಮೊದಲಕ್ಷರ ಬ್ರಾಡ್‌ಗೇಜಿಗೆ, ಎರಡನೆಯದು ಡೀಸೆಲ್‌ಗೆ, ಮೂರನೆಯದು ಪ್ರಯಾಣಿಕರ ಗಾಡಿ, ಗೂಡ್ಸ್ ಗಾಡಿ ಎರಡಕ್ಕೂ ಸೈ ಎಂಬುದಕ್ಕೆ. ವಿನ್ಯಾಸ ಅಮೆರಿಕದ್ದು. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯ ಅಮೆರಿಕನ್ ಲೋಕೋಮೋಟಿವ್ ಕಂಪನಿ, ಚಿಕ್ಕದಾಗಿ ಆಲ್ಕೊ, ಇದರ ಮೂಲ ಗುರು.

ಈ ವಿನ್ಯಾಸದ ಕಥೆಯೇ ಒಂದು ಕೆಟ್ಟುಹೋದ ಎಂಜಿನ್ನಿನಿಂದ ಶುರುವಾಗುತ್ತದೆ. ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ, ಪ್ರತಿಸ್ಪರ್ಧಿ ಜನರಲ್ ಮೋಟರ್ಸ್‌ನ ಹಿಂದೆ ಬೀಳಬಾರದೆಂಬ ಧಾವಂತದಲ್ಲಿ ಕಂಪನಿ 244 ಎಂಬ ಮಾದರಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಪೂರ್ತಿ ಪಳಗುವ ಮೊದಲೇ ಹೊರಬಿದ್ದ ಆ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಮುರಿಯುತ್ತಿತ್ತು, ಟರ್ಬೊ ಕೈಕೊಡುತ್ತಿತ್ತು. ಗಿರಾಕಿಗಳು ದೂರವಾದರು. ಆ ತಪ್ಪುಗಳನ್ನೆಲ್ಲ ತಿದ್ದಿ 1950ರ ದಶಕದಲ್ಲಿ ತಂದದ್ದು 251, ಡಬ್ಲ್ಯೂಡಿಎಂ-2ರ ಹೊಟ್ಟೆಯಲ್ಲಿರುವುದು ಅದೇ. ಗಟ್ಟಿ ಎಂಜಿನ್, ಆದರೆ ಕಂಪನಿಯ ಪಾಲಿಗೆ ತಡವಾಗಿತ್ತು. 1969ರಲ್ಲಿ ಸ್ಕೆನೆಕ್ಟಡಿಯ ಕಾರ್ಖಾನೆಗೆ ಬೀಗ ಬಿತ್ತು. ಚಂದ್ರನತ್ತ ಹೊರಟ ಸ್ಯಾಟರ್ನ್ ರಾಕೆಟ್ಟನ್ನು ಉಡಾವಣಾ ಕಟ್ಟೆಗೆ ಹೊತ್ತೊಯ್ದ ನಾಸಾದ ದೈತ್ಯ ವಾಹನದ ಹೊಟ್ಟೆಯಲ್ಲಿದ್ದದ್ದೂ ಇದೇ ಆಲ್ಕೊ ಕುಲದ ಎರಡು ಎಂಜಿನ್‌ಗಳು. ಮನುಷ್ಯ ಚಂದ್ರನ ಮೇಲೆ ಇಳಿದ ವರ್ಷವೇ ತಯಾರಕರ ಮನೆಯ ದೀಪ ಆರಿತು. ಕಾಶಿಯಲ್ಲಿ ಮಾತ್ರ ಅದರ ವಿನ್ಯಾಸಕ್ಕೆ ಬಿಡುವಿರಲಿಲ್ಲ. ಡಬ್ಲ್ಯೂಡಿಎಂ-2 ಮಾದರಿಯವೇ ಎರಡು ಸಾವಿರಕ್ಕಿಂತ ಹೆಚ್ಚು ತಯಾರಾದವು.

ಅಪ್ಪನಿಲ್ಲದ ಎಂಜಿನ್ ಎಂದಮೇಲೆ ಅದಕ್ಕೆ ಜ್ವರ ಬಂದಾಗ ಕೇಳಲು ಹುಟ್ಟಿದ ಮನೆಯಿಲ್ಲ. ಯಾವ ಭಾಗ ಎಷ್ಟು ದಿನಕ್ಕೆ ಸವೆಯುತ್ತದೆ, ಯಾವ ಸದ್ದಿಗೆ ಹೆದರಬೇಕು, ಯಾವುದಕ್ಕೆ ಬೇಡ ಎಂಬ ವಿದ್ಯೆಯನ್ನು ಇಲ್ಲಿಯ ಶೆಡ್ಡುಗಳೇ ಕೆಟ್ಟ ಎಂಜಿನ್‌ಗಳಿಂದ ಕಲಿತವು.

ಗಾತ್ರ ತಿಳಿಯಲು ಮಲೆನಾಡಿನ ಜೀಪೊಂದನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಬಹುದು. 1980ರ ದಶಕದಲ್ಲಿ ಮಹೀಂದ್ರ ಜೀಪುಗಳಿಗೆ ಬಂದ ಪೂಷೋ ಡೀಸೆಲ್ ಎಂಜಿನ್ನಿನ ನಾಲ್ಕು ಸಿಲಿಂಡರುಗಳ ಒಟ್ಟು ಹೊಟ್ಟೆ ಎರಡು ಲೀಟರ್ ಚಿಲ್ಲರೆ. ಡೀರೇಕಾದ ಆಲ್ಕೊದಲ್ಲಿ ಒಂದೊಂದು ಸಿಲಿಂಡರಿಗೇ ಸುಮಾರು 11 ಲೀಟರ್. ಒಂಬತ್ತು ಇಂಚು ಅಗಲ, ಪಿಸ್ಟನ್ ಓಡಾಡುವ ದೂರ ಹತ್ತೂವರೆ ಇಂಚು, ಅಂಥವು ಹದಿನಾರು. 2,600 ಅಶ್ವಶಕ್ತಿ. ಟ್ಯಾಂಕಿಗೆ 5,000 ಲೀಟರ್ ಡೀಸೆಲ್, ಎಣ್ಣೆ ನಿಲ್ಲುವ ತಳದ ಸಂಪಿನಲ್ಲಿ ಸುಮಾರು 900 ಲೀಟರ್ ಎಂಜಿನ್ ಆಯಿಲ್. ಜೀಪಿನಲ್ಲಿ ಕೆಸರಿಗೆ ಬಿದ್ದಾಗ ಲಿವರ್ ಎಳೆದು ಮುಂದಿನ ಚಕ್ರಕ್ಕೂ ಶಕ್ತಿ ಕೊಡಬೇಕು. ಈ ಎಂಜಿನ್ನಿಗೆ ಆ ರಗಳೆಯಿಲ್ಲ. ಡೀಸೆಲ್ ಎಂಜಿನ್ ಜನರೇಟರನ್ನು ತಿರುಗಿಸುತ್ತದೆ, ಆ ವಿದ್ಯುತ್ತಿನಿಂದ ಆರು ಅಚ್ಚುಗಳಿಗೂ ಒಂದೊಂದು ಮೋಟರು ಓಡುತ್ತದೆ. ಒಳಗಿನ ಕಾಯಿಲೆಗಳು ಮಾತ್ರ ಎರಡಕ್ಕೂ ಒಂದೇ. ಡೀಸೆಲ್ ಎಂಜಿನ್ನಿಗೆ ಕಿಡಿಯಿಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಅದರೊಳಕ್ಕೆ ಡೀಸೆಲನ್ನು ಮಂಜಿನಂತೆ ಚಿಮ್ಮಿಸಿದರೆ ತಾನಾಗಿ ಹೊತ್ತಿಕೊಳ್ಳಬೇಕು. ಗಾಳಿ, ಒತ್ತಡ, ಚಿಮ್ಮುವ ರೀತಿ, ಈ ಮೂರರಲ್ಲಿ ಒಂದು ತಪ್ಪಿದರೂ ಎಂಜಿನ್ ಗೊಣಗುತ್ತದೆ.

ಉಗಿಬಂಡಿಯ ಕಾಲದಿಂದ ಬಂದವರಿಗೆ ಈ ಗೊಣಗಾಟ ಹೊಸ ಭಾಷೆ. ಉಗಿ ಎಂಜಿನ್ನಿನಲ್ಲಿ ರಾಡು, ಪಿನ್ನು, ವಾಲ್ವಿನ ಸಲಾಕೆ ಎಲ್ಲವೂ ಹೊರಗೇ ಕಾಣುತ್ತವೆ. ಸೋರಿದರೆ ಸೋರಿದಲ್ಲೇ ಬುಸ್ ಎನ್ನುತ್ತದೆ. ರೈಲ್ವೆಯವರಲ್ಲಿ ಒಂದು ಹಳೆಯ ಮಾತಿದೆ: ಉಗಿ ಎಂಜಿನ್ನಿನ ದೋಷ ಹುಡುಕಲು ಐದು ನಿಮಿಷ, ಸರಿಪಡಿಸಲು ಐದು ಗಂಟೆ, ಡೀಸೆಲ್‌ನಲ್ಲಿ ಅದು ತಿರುವುಮುರುವು. ಕಲ್ಲಿದ್ದಲು ತುಂಬುತ್ತಿದ್ದ ಫೈರ್‌ಮನ್ ಡೀಸೆಲ್ ಅಸಿಸ್ಟೆಂಟ್ ಆದ. ಬಾಯ್ಲರ್ ಬಡಿಯುತ್ತಿದ್ದ ಕೈ ಕೂದಲೆಳೆಯಷ್ಟು ಸಂದನ್ನು ಅಳೆಯುವ ಫೀಲರ್ ಗೇಜ್ ಹಿಡಿಯಿತು.

ಹುಡುಕುವ ಆ ಐದು ಗಂಟೆಯನ್ನು ಕಡಿಮೆ ಮಾಡಿದ್ದು ಎಣ್ಣೆ.

ಪ್ರತಿ ಡೀಸೆಲ್ ಶೆಡ್ಡಿನಲ್ಲೂ ಒಂದು ಪ್ರಯೋಗಾಲಯ. ಊರೂರು ತಿರುಗಿ ಬಂದ ಎಂಜಿನ್ನಿನ ಸಂಪಿನಿಂದ ಒಂದು ಸಣ್ಣ ಬಾಟಲಿಯಷ್ಟು ಆಯಿಲ್ ತೆಗೆದು ಅಲ್ಲಿಗೆ ಒಯ್ಯುತ್ತಾರೆ, ಆಸ್ಪತ್ರೆಯಲ್ಲಿ ರಕ್ತ ಕೊಟ್ಟ ಹಾಗೆ. ಮೊದಲ ಪರೀಕ್ಷೆಗೆ ಯಂತ್ರವೇ ಬೇಡ. ಕಾದ ಕಬ್ಬಿಣದ ತಟ್ಟೆಯ ಮೇಲೆ ಒಂದು ಹನಿ ಬಿಡುವುದು. ಸುಮ್ಮನೆ ಹರಡಿ ಹೊಗೆಯಾಡಿದರೆ ಸರಿ. ಒಗ್ಗರಣೆಗೆ ಹಾಕಿದ ಸಾಸಿವೆಯಂತೆ ಚಟಪಟ ಎಂದರೆ ಎಣ್ಣೆಗೆ ನೀರು ಸೇರಿದೆ. ಇನ್ನೊಂದು ಹನಿ ಒತ್ತುಕಾಗದದ ಮೇಲೆ. ನಡುವೆ ದಟ್ಟ ಕಪ್ಪು ಮಚ್ಚೆಯಾಗಿ ನಿಂತರೆ ಮಸಿ ಹೆಚ್ಚಾಗಿದೆ, ಎಣ್ಣೆಗೆ ಅದನ್ನು ಹೊರುವ ಶಕ್ತಿ ಉಳಿದಿಲ್ಲ. ಎಣ್ಣೆ ತೀರಾ ನೀರಾಗಿದ್ದರೆ ಅದಕ್ಕೆ ಡೀಸೆಲ್ ಬೆರೆತಿದೆ, ಅಂದರೆ ಎಲ್ಲೋ ಇಂಜೆಕ್ಟರೋ ಅದಕ್ಕೆ ಹೋಗುವ ಪೈಪೋ ಸೋರುತ್ತಿದೆ. ಇದು ಎಲ್ಲಕ್ಕಿಂತ ಭಯದ್ದು. ತೆಳುವಾದ ಎಣ್ಣೆಯಲ್ಲಿ ಬೇರಿಂಗ್ ಒಣಗಿ ಕಾಯುತ್ತದೆ, ಆ ಕಾವಿಗೆ ಕ್ರ್ಯಾಂಕ್‌ಕೇಸಿನೊಳಗಿನ ಡೀಸೆಲ್ ಹಬೆ ಹೊತ್ತಿಕೊಂಡು ಸಿಡಿಯಬಹುದು. ಆ ಸಿಡಿತ ಬ್ಲಾಕನ್ನೇ ಸೀಳದಿರಲೆಂದು ಪಕ್ಕದ ಕೆಲವು ಬಾಗಿಲುಗಳಿಗೆ ಸ್ಪ್ರಿಂಗ್ ಹಾಕಿ, ಒತ್ತಡ ಹೊರಹೋಗಲು ದಾರಿ ಬಿಟ್ಟಿರುತ್ತಾರೆ.

ಆಮೇಲಿನದು ಸ್ಪೆಕ್ಟ್ರೊಗ್ರಾಫ್ ಎಂಬ ಉಪಕರಣದ ಕೆಲಸ. ಎಣ್ಣೆಯನ್ನು ಕಿಡಿಯಲ್ಲಿ ಸುಟ್ಟು, ಬರುವ ಬೆಳಕಿನ ಬಣ್ಣಗಳಿಂದ ಅದರಲ್ಲಿ ಯಾವ ಲೋಹ ಎಷ್ಟಿದೆ ಎಂದು ಅದು ಹೇಳುತ್ತದೆ. ತಾಮ್ರ, ಸೀಸ, ತವರ ಏರಿದ್ದರೆ ಬೇರಿಂಗ್ ಸವೆಯುತ್ತಿದೆ. ಅಲ್ಯುಮಿನಿಯಂ ಕಂಡರೆ ಪಿಸ್ಟನ್. ಕ್ರೋಮಿಯಂ ಕಂಡರೆ ಕ್ರೋಮ್ ಲೇಪದ ಲೈನರಿನ, ಅಂದರೆ ಸಿಲಿಂಡರಿನ ಒಳಕೊಳವೆಯ, ಕಡೆ ನೋಡಬೇಕು. ಸಿಲಿಕಾನ್ ಎಂದರೆ ದೂಳು. ಗಾಳಿಯ ಫಿಲ್ಟರ್ ಹರಿದಿದೆ. ಎಲ್ಲಕ್ಕಿಂತ ಜಾಣತನದ್ದು ಸೋಡಿಯಂ ಲೆಕ್ಕ. ಎಂಜಿನ್ನಿನಲ್ಲಿ ಸೋಡಿಯಂನಿಂದ ಮಾಡಿದ ಭಾಗ ಯಾವುದೂ ಇಲ್ಲ. ತುಕ್ಕು ಹಿಡಿಯದಿರಲೆಂದು ರೇಡಿಯೇಟರ್ ನೀರಿಗೆ ಬೆರೆಸುವ ರಾಸಾಯನಿಕದಲ್ಲಿ ಅದಿದೆ. ಹಾಗಾಗಿ ಎಣ್ಣೆಯಲ್ಲಿ ಸೋಡಿಯಂ ಸಿಕ್ಕಿತೆಂದರೆ ನೀರು ಒಳಗೆ ಬಂದಿತ್ತು. ಕಾದ ಎಣ್ಣೆಯಲ್ಲಿ ನೀರು ಆವಿಯಾಗಿ ಹೋದರೂ ಸೋಡಿಯಂ ಸಾಕ್ಷಿಯಾಗಿ ಉಳಿಯುತ್ತದೆ.

ನೀರು ಬರುವ ದಾರಿ ಹಲವು. ಸಿಲಿಂಡರ್ ಹೆಡ್ಡಿನಲ್ಲಿ ವಾಲ್ವ್‌ಗಳ ನಡುವಿನ ತೆಳುವಾದ ಜಾಗ ಪ್ರತಿ ಸಲ ಕಾದು ಆರಿ ಕೊನೆಗೊಮ್ಮೆ ಬಿರಿಯುತ್ತದೆ. ಲೈನರಿನ ಬುಡದ ರಬ್ಬರ್ ರಿಂಗು ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಹೀಗೆ ಸೋರಿದ ನೀರು ಪಿಸ್ಟನ್ ತಲೆಯ ಮೇಲೆ ನಿಂತಿರುವಾಗ ಎಂಜಿನ್ ಶುರು ಮಾಡಿದರೆ ಅನಾಹುತ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಮೇಲೇರುವ ಪಿಸ್ಟನ್ ನೀರಿಗೆ ಡಿಕ್ಕಿ ಹೊಡೆದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದಕ್ಕೇ ಬಹಳ ಹೊತ್ತು ನಿಂತಿದ್ದ ಆಲ್ಕೊವನ್ನು ಎಬ್ಬಿಸುವ ಮೊದಲು ಪ್ರತಿ ಸಿಲಿಂಡರಿನ ಪುಟ್ಟ ಕಾಕ್ ತಿರುಗಿಸಿ ತೆರೆದು, ಸಲಾಕೆ ಹಾಕಿ ಕ್ರ್ಯಾಂಕ್‌ಶಾಫ್ಟನ್ನು ಕೈಯಲ್ಲೇ ಒಂದೆರಡು ಸುತ್ತು ತಿರುಗಿಸುವ ಪದ್ಧತಿ. ಹದಿನಾರು ತೂತುಗಳಲ್ಲಿ ಯಾವುದರಿಂದ ನೀರು ಚಿಮ್ಮಿದರೂ ಆ ಎಂಜಿನ್ ಅಂದು ಹೊರಡುವುದಿಲ್ಲ.

ಮೂಡಿಗೆರೆ, ಸಕಲೇಶಪುರದ ಕಡೆ ಮಳೆಗಾಲದಲ್ಲಿ ಹಳ್ಳ ದಾಟಲು ಹೋದ ಜೀಪಿಗೂ ಆಗುವುದು ಇದೇ. ಏರ್ ಫಿಲ್ಟರಿನ ಮಟ್ಟಕ್ಕೆ ನೀರು ಬಂದರೆ ಎಂಜಿನ್ ಅದನ್ನು ಗಾಳಿಯೆಂದೇ ಎಳೆದುಕೊಳ್ಳುತ್ತದೆ. ನಡು ಹಳ್ಳದಲ್ಲಿ ನಿಂತ ಗಾಡಿಗೆ ಗಾಬರಿಯಿಂದ ಮತ್ತೆ ಮತ್ತೆ ಸೆಲ್ಫ್ ಹೊಡೆದವರು ರಾಡ್ ಬಗ್ಗಿಸಿಕೊಳ್ಳುತ್ತಾರೆ. ತಿಳಿದವರು ಗಾಡಿಯನ್ನು ದಡಕ್ಕೆ ಎಳೆಸಿ, ಹೀಟರ್ ಪ್ಲಗ್ಗನ್ನೋ ಇಂಜೆಕ್ಟರನ್ನೋ ಬಿಚ್ಚಿ, ಎಂಜಿನ್ ತಿರುಗಿಸಿ ನೀರು ಉಗಿಸಿದ ಮೇಲೆಯೇ ಚಾವಿ ಮುಟ್ಟುತ್ತಾರೆ. ಡೀರೇಕಾದ ಎಂಜಿನ್ನಿನಲ್ಲಿ ಒಂದು ಅನುಕೂಲವಿತ್ತು. ಜೀಪಿನ ನಾಲ್ಕು ಸಿಲಿಂಡರಿಗೂ ಸೇರಿ ಒಂದೇ ಹೆಡ್. ಗ್ಯಾಸ್ಕೆಟ್ ಒಂದು ಕಡೆ ಹೋದರೂ ಪೂರಾ ಇಳಿಸಬೇಕು, ಹೆಡ್ ಸೊಟ್ಟಗಾಗಿದ್ದರೆ ಲೇತಿಗೆ ಹಾಕಿಸಬೇಕು. ಆಲ್ಕೊದಲ್ಲಿ ಹದಿನಾರಕ್ಕೆ ಹದಿನಾರು ಹೆಡ್. ಕೆಟ್ಟದ್ದೊಂದನ್ನೇ ಕ್ರೇನಿನಿಂದ ಎತ್ತಿ, ಪಿಸ್ಟನ್, ಲೈನರು, ರಾಡು ಸಮೇತ ಹೊಸ ಜೋಡಿ ಇಳಿಸಿ ಗಾಡಿಗೆ ಕಳಿಸಬಹುದು. ಮೂರು ದಶಕ ದಾಟಿದ ಎಂಜಿನ್‌ಗಳು ಗಾಡಿ ಎಳೆಯುತ್ತಲೇ ಇದ್ದದ್ದಕ್ಕೆ ಈ ಬಿಡಿಬಿಡಿಯ ಕಟ್ಟುವಿಕೆ ದೊಡ್ಡ ಕಾರಣ.

ಹೊಗೆಯ ವಿಷಯಕ್ಕೆ ಬಂದರೆ ಗ್ಯಾರೇಜಿನ ಹುಡುಗನಿಗೂ ಶೆಡ್ಡಿನ ಫೋರ್‌ಮನ್ನಿಗೂ ಪಾಠ ಒಂದೇ. ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ನೀಲಿ ಎಂದರೆ ಎಣ್ಣೆ ಉರಿಯುತ್ತಿದೆ. ರಿಂಗು ಸವೆದಿದೆ, ಮೆಕ್ಯಾನಿಕ್ಕಿನ ಮಾತಿನಲ್ಲಿ ಹೇಳುವುದಾದರೆ ಎಂಜಿನ್ ಬೋರಿಗೆ ಬಂದಿದೆ. ಬಿಳಿ ಎಂದರೆ ಡೀಸೆಲ್ ಉರಿಯದೆ ಹಾಗೇ ಹೋಗುತ್ತಿದೆ, ಇಲ್ಲವೇ ನೀರು ಸೇರಿದೆ. ಆಲ್ಕೊಗೆ ಮಾತ್ರ ಆರೋಗ್ಯವಾಗಿದ್ದಾಗಲೂ ಕಪ್ಪು ಹೊಗೆ ಉಗುಳುವ ಚಟ. ಡ್ರೈವರ್ ಎಂಟು ನಾಚುಗಳ, ಅಂದರೆ ಎಂಟು ಹಂತಗಳ, ಹಿಡಿಕೆಯನ್ನು ಒಂದೊಂದಾಗಿ ಏರಿಸಿದಂತೆ ಡೀಸೆಲ್ ಆ ಕ್ಷಣಕ್ಕೇ ಹೆಚ್ಚುತ್ತದೆ. ಗಾಳಿ ತುಂಬುವ ಟರ್ಬೊ ಓಡುವುದು ಹೊಗೆಯ ಒತ್ತಡದಿಂದ, ಅದು ವೇಗ ಹಿಡಿಯಲು ಕೆಲವು ಸೆಕೆಂಡು ಬೇಕು. ಆ ನಡುವಿನ ಹೊತ್ತೇ ನಿಲ್ದಾಣ ಬಿಟ್ಟ ರೈಲಿನ ನೆತ್ತಿಯ ಮೇಲೆ ಎದ್ದ ಕರಿಮೋಡ. ಕಿಟಕಿ ಪಕ್ಕ ಕೂತವರ ಕಣ್ಣಿಗೆ ಮಸಿ ಬಿದ್ದದ್ದು ಉಗಿಬಂಡಿ ಹೋದ ಮೇಲೂ ನಿಲ್ಲಲಿಲ್ಲ. ಇಂಜೆಕ್ಟರಿನ ನಾಝಲ್ ತೆರೆಯಬೇಕಾದ್ದು ಚದರ ಇಂಚಿಗೆ ಸುಮಾರು 4,000 ಪೌಂಡ್ ಒತ್ತಡಕ್ಕೆ. ಸ್ಪ್ರಿಂಗ್ ಸೋತು ಅದಕ್ಕೂ ಮೊದಲೇ ತೆರೆದರೆ ಡೀಸೆಲ್ ಮಂಜಾಗದೆ ತೊಟ್ಟಿಕ್ಕುತ್ತದೆ, ಹೊಗೆ ಇಮ್ಮಡಿಯಾಗುತ್ತದೆ. ನಾಝಲ್ ಬಿಚ್ಚಿ ಕೈಪಂಪಿಗೆ ಸಿಕ್ಕಿಸಿ ಚಿಮ್ಮಿಸಿ ನೋಡುವ ಪರೀಕ್ಷೆ ಶೆಡ್ಡಿನಲ್ಲೂ ಇದೆ, ಯಾವ ಊರಿನ ಪಂಪ್ ಅಂಗಡಿಯಲ್ಲೂ ಇದೆ.

ಪ್ರಯಾಣಿಕರಿಗೆ ಅರ್ಥವಾಗದ ಇನ್ನೊಂದು ಸಂಗತಿ, ನಿಲ್ದಾಣದಲ್ಲಿ ಗಂಟೆಗಟ್ಟಲೆ ಸುಮ್ಮನೆ ನಿಂತ ಎಂಜಿನ್ ಯಾಕೆ ಗುಡುಗುಡು ಎನ್ನುತ್ತಲೇ ಇರುತ್ತದೆ ಎಂಬುದು. ಡಬ್ಲ್ಯೂಡಿಎಂ-2ಗೆ ಬೇರೆ ಸೆಲ್ಫ್ ಮೋಟರ್ ಇರಲಿಲ್ಲ. ಬ್ಯಾಟರಿಯ ವಿದ್ಯುತ್ತನ್ನು ಮುಖ್ಯ ಜನರೇಟರಿಗೇ ಕೊಟ್ಟು, ಅದನ್ನೇ ಮೋಟರಿನಂತೆ ತಿರುಗಿಸಿ ಎಂಜಿನ್ ಎಬ್ಬಿಸಬೇಕು. ಬ್ಯಾಟರಿ ಸ್ವಲ್ಪ ಸೋತಿದ್ದರೂ ಆ ಹದಿನಾರು ಪಿಸ್ಟನ್ ಕದಲುವುದಿಲ್ಲ. ಮೇಲಾಗಿ ಎಂಜಿನ್ ಆರಿದರೆ ಲೋಹ ಕುಗ್ಗಿ ಹಳೆಯ ರಬ್ಬರ್ ರಿಂಗುಗಳ ಸಂದಿನಲ್ಲಿ ನೀರು ಇಳಿಯುತ್ತದೆ. ಬ್ರೇಕಿನ ಗಾಳಿಯನ್ನು ತುಂಬುವ ಕಂಪ್ರೆಸರೂ ನಿಲ್ಲುತ್ತದೆ. ಹೀಗಾಗಿ ಉರಿಯುತ್ತಿರಲಿ ಬಿಡು ಎಂಬುದೇ ರೂಢಿಯಾಯಿತು. ಅದರಿಂದ ಸುಡುತ್ತಿದ್ದ ಡೀಸೆಲ್ ಉಳಿಸಲು ಸಣ್ಣ ಸಹಾಯಕ ಎಂಜಿನ್ ಕೂರಿಸುವ ಏರ್ಪಾಡು ಬಂದದ್ದು ಬಹಳ ತಡವಾಗಿ.

ಕೆಟ್ಟದ್ದನ್ನು ಮತ್ತೆ ಮೊದಲಿನಂತೆ ಮಾಡುವುದಷ್ಟೇ ರಿಪೇರಿ ಆಗಿ ಉಳಿಯಲಿಲ್ಲ. ಲಖನೌದ ರೈಲ್ವೆ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ ಶೆಡ್ಡುಗಳಿಂದ ಬಂದ ದೋಷಗಳ ಪಟ್ಟಿ ಇಟ್ಟುಕೊಂಡು ಎಂಜಿನ್ನನ್ನೇ ತಿದ್ದುತ್ತಾ ಹೋಯಿತು. ಅಲ್ಯುಮಿನಿಯಂ ಪಿಸ್ಟನ್ನಿನ ನೆತ್ತಿ ಕರಗುವುದೋ, ಉಕ್ಕಿನ ಟೋಪಿ ಬಂತು. ಟರ್ಬೊ ಸಾಲದೋ, ಬೇರೆ ಹೆಚ್ಚು ಚುರುಕಿನದು ಬಂತು. ಇಂಧನ ಪಂಪಿನ ಪ್ಲಂಜರು 17 ಮಿಲಿಮೀಟರಿಗೆ ಅಗಲವಾಯಿತು. ಅದೇ ಹದಿನಾರು ಸಿಲಿಂಡರಿನ ಬ್ಲಾಕಿನಿಂದ 1990ರ ದಶಕದಲ್ಲಿ ಡಬ್ಲ್ಯೂಡಿಎಂ-3ಎ ಹೆಸರಿನಲ್ಲಿ 3,100 ಅಶ್ವಶಕ್ತಿ ಬಂತು, 2003ರ ಡಬ್ಲ್ಯೂಡಿಎಂ-3ಡಿ ಹೊತ್ತಿಗೆ 3,300. ಪಂಜಾಬಿನ ಪಟಿಯಾಲದಲ್ಲಿ 1981ರಲ್ಲಿ ಅಡಿಗಲ್ಲು ಕಂಡ ಇನ್ನೊಂದು ಕಾರ್ಖಾನೆ ಹದಿನೆಂಟು ವರ್ಷ ದುಡಿದ ಎಂಜಿನ್‌ಗಳನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿ ಇನ್ನೂ ಹದಿನೆಂಟು ವರ್ಷಕ್ಕೆ ಸಿದ್ಧಮಾಡಿ ಕಳಿಸತೊಡಗಿತು. ಮುರಿದ ಭಾಗಗಳೇ ಪಠ್ಯಪುಸ್ತಕವಾಗಿದ್ದ ಶಾಲೆ ಅದು.

ಡೀರೇಕಾದೊಳಗೆ ಸೆಪ್ಟೆಂಬರ್ 17ರ ವಿಶ್ವಕರ್ಮ ಪೂಜೆ ದೊಡ್ಡ ಹಬ್ಬ. ನಮ್ಮಲ್ಲಿ ಆಯುಧಪೂಜೆಗೆ ಜೀಪಿನ ಬಾನೆಟ್ಟಿಗೆ ವಿಭೂತಿ ಬಳಿದು ಚಕ್ರಕ್ಕೆ ನಿಂಬೆಹಣ್ಣು ಇಟ್ಟಂತೆ ಅಲ್ಲಿ ಲೇತು, ಕ್ರೇನು, ಅರ್ಧ ಕಟ್ಟಿದ ಎಂಜಿನ್ನಿಗೆ ಹೂವಿನ ಸಿಂಗಾರ. ಆ ದಿನ ಊರ ಜನಕ್ಕೂ ಕಾರ್ಖಾನೆಯ ಬಾಗಿಲು ತೆರೆಯುವ ವಾಡಿಕೆ. ಮಕ್ಕಳು ತಮಗಿಂತ ಎತ್ತರದ ಬ್ಲಾಕುಗಳ ನಡುವೆ ಓಡಾಡುತ್ತಾರೆ. ಮುಂದಿನ ತಿಂಗಳ ದಸರೆಗೆ ಅದೇ ಕಾಲೊನಿಯ ಮೈದಾನದಲ್ಲಿ ರಾವಣ ದಹನ. ಕಾಶಿಯ ಜನ ದಸರೆಗೆ ಸೇರುವ ದೊಡ್ಡ ಜಾಗಗಳಲ್ಲಿ ಅದೂ ಒಂದು.

ಕರ್ನಾಟಕದ ಹಳೆಯ ನೆನಪುಗಳಲ್ಲಿ ಇರುವುದು ಮೀಟರ್‌ಗೇಜಿನ ಡೀಸೆಲ್. ವೈಡಿಎಂ-4 ಎಂಬ ಆ ಪುಟ್ಟ ಎಂಜಿನ್ ಆಲ್ಕೊ 251ರ ಆರು ಸಿಲಿಂಡರಿನ ತಮ್ಮ, 1,400 ಅಶ್ವಶಕ್ತಿ. ಮೊದಲವು 1961ರಲ್ಲಿ ಹೊರದೇಶದಿಂದ ಬಂದವು, 1968ರಿಂದ ಕಾಶಿಯಲ್ಲೇ ತಯಾರಾದವು. ಚಳ್ಳಕೆರೆಯ ಕಡೆಯಿಂದ ಬಂದ ಸಿ.ಕೆ. ಜಾಫರ್ ಷರೀಫ್ ರೈಲ್ವೆ ಮಂತ್ರಿಯಾಗಿದ್ದಾಗ, 1992ರಲ್ಲಿ ಹಳಿಗಳನ್ನು ಬ್ರಾಡ್‌ಗೇಜಿಗೆ ತರುವ ಯೂನಿಗೇಜ್ ಯೋಜನೆ ಶುರುವಾಯಿತು. ಹಳಿ ಅಗಲವಾದಂತೆ ವೈಡಿಎಂ-4ಗಳಿಗೆ ಓಡಲು ಜಾಗವೇ ಕಡಿಮೆಯಾಯಿತು. ಅವುಗಳಲ್ಲಿ ಹಲವು ಮಲೇಷ್ಯಾ, ಮ್ಯಾನ್ಮಾರ್ ಕಡೆ ಹೋಗಿ ಅಲ್ಲಿ ಗಾಡಿ ಎಳೆದವು.

ಹುಬ್ಬಳ್ಳಿಗೆ ಬಂದದ್ದು ಬೇರೆಯೇ ಜಾತಿ. 1995ರಲ್ಲಿ ರೈಲ್ವೆ ಜನರಲ್ ಮೋಟರ್ಸ್ ಜೊತೆ ಒಪ್ಪಂದ ಮಾಡಿಕೊಂಡಿತು, ಆಲ್ಕೊವನ್ನು ಅಮೆರಿಕದಲ್ಲಿ ಮಣಿಸಿದ ಅದೇ ಕಂಪನಿಯ ಜೊತೆ. 1999ರಲ್ಲಿ 4,000 ಅಶ್ವಶಕ್ತಿಯ ಡಬ್ಲ್ಯೂಡಿಜಿ-4 ಎಂಜಿನ್‌ಗಳು ಬಂದಿಳಿದು ಹುಬ್ಬಳ್ಳಿ ಶೆಡ್ಡನ್ನು ಮನೆ ಮಾಡಿಕೊಂಡವು. 2002ರಿಂದ ಡೀರೇಕಾ ಅವನ್ನೂ ಕಟ್ಟತೊಡಗಿತು. ಹೊಸಪೇಟೆ ಕಡೆಯ ಅದಿರನ್ನು ಗೋವಾ ಬಂದರಿಗೆ ಇಳಿಸುವ ದಾರಿಯಲ್ಲಿ ಕ್ಯಾಸಲ್‌ರಾಕಿನಿಂದ ಕುಳೆಂವರೆಗೆ ಬ್ರಗಾಂಝಾ ಘಾಟ್. 37 ಅಡಿ ಹೋದರೆ ಒಂದು ಅಡಿ ಇಳಿಜಾರು, ಪಕ್ಕದಲ್ಲೇ ದೂಧ್‌ಸಾಗರ ಜಲಪಾತ. ಗೋವಾ ಕಡೆಯಿಂದ ಹತ್ತುವಾಗ ಮುಂದೆ ಎಳೆಯುವ ಎಂಜಿನ್‌ಗಳು ಸಾಲದೆ ಹಿಂದೆ ತಳ್ಳುವವೂ ಬೇಕು. ಹೊಸ ಎಂಜಿನ್ ಎರಡು ಸ್ಟ್ರೋಕಿನದು, ಅದರ ಟರ್ಬೊ ಕಡಿಮೆ ವೇಗದಲ್ಲಿ ಗಿಯರಿನಿಂದ ತಿರುಗುತ್ತದೆ. ಹಾಗಾಗಿ ಆಲ್ಕೊದ ಕರಿಮೋಡ ಇಲ್ಲಿ ತೆಳುವಾಯಿತು. ಅದಕ್ಕಿಂತ ದೊಡ್ಡ ಬದಲಾವಣೆ ಡ್ರೈವರಿನ ಮುಂದಿನ ಪರದೆ. ಏನು ಕೆಟ್ಟಿದೆ ಎಂಬುದನ್ನು ಕಂಪ್ಯೂಟರ್ ಬರೆದು ತೋರಿಸುತ್ತದೆ, ಹಿಂದಿನ ದೋಷಗಳನ್ನೂ ನೆನಪಿಟ್ಟಿರುತ್ತದೆ. ಕಿವಿ, ಮೂಗು, ಬೆರಳ ತುದಿಯ ಕೆಲಸದಲ್ಲಿ ಅರ್ಧ ಪಾಲು ಅದಕ್ಕೆ ಹೋಯಿತು.

ಉಳಿದರ್ಧವನ್ನು ಮೇಲಿನ ತಂತಿ ಕಸಿದುಕೊಂಡಿತು. ಹಳಿಗಳ ವಿದ್ಯುದೀಕರಣ ಜೋರಾದಂತೆ ಡೀಸೆಲ್ ಎಂಜಿನ್ ಕೇಳುವವರು ಕಡಿಮೆಯಾದರು. 2018ರಲ್ಲಿ ಡೀರೇಕಾ ಒಂದು ಸಾಹಸ ಮಾಡಿತು. ವಯಸ್ಸಾದ ಎರಡು ಡಬ್ಲ್ಯೂಡಿಜಿ-3ಎ ಗೂಡ್ಸ್ ಎಂಜಿನ್‌ಗಳ ಹೊಟ್ಟೆಯಿಂದ ಆಲ್ಕೊವನ್ನು ಎತ್ತಿ ಹಾಕಿ, ಅಲ್ಲಿ ವಿದ್ಯುತ್ ಉಪಕರಣ ತುಂಬಿ, 69 ದಿನಗಳಲ್ಲಿ 10,000 ಅಶ್ವಶಕ್ತಿಯ ಅವಳಿ ವಿದ್ಯುತ್ ಎಂಜಿನ್ನಾಗಿ ಮಾಡಿತು. 2019ರ ಫೆಬ್ರವರಿ 19ರಂದು ವಾರಾಣಸಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಅದಕ್ಕೆ ಹಸಿರು ಬಾವುಟ ತೋರಿಸಿದರು. ಆದರೆ ಕಾರ್ಖಾನೆಯ ದಿನನಿತ್ಯದ ದುಡಿಮೆಯಾದದ್ದು ಹೊಸ ವಿದ್ಯುತ್ ಎಂಜಿನ್ ಕಟ್ಟುವುದೇ. 2020ರ ಅಕ್ಟೋಬರಿನಲ್ಲಿ ಫಲಕ ಬದಲಾಯಿತು: ಬನಾರಸ್ ಲೋಕೋಮೋಟಿವ್ ವರ್ಕ್ಸ್. ಡೀರೇಕಾ ಹೋಗಿ ಬರೇಕಾ ಬಂತು. ಮರುವರ್ಷ ಮಂಡುವಾಡೀಹ್ ನಿಲ್ದಾಣದ ಹೆಸರೂ ಬನಾರಸ್ ಆಯಿತು. ಕೃಷ್ಣರಾಜಪುರದ ಶೆಡ್ಡಿನಲ್ಲೂ ಇಂದು ವಿದ್ಯುತ್ ಎಂಜಿನ್‌ಗಳು ಸಾಲಾಗಿ ನಿಲ್ಲುತ್ತವೆ.

ಅದೇ ಹೊತ್ತಿಗೆ ಗಂಗೆಯ ಮೇಲೂ ಡೀಸೆಲ್ ಹಿಂದೆ ಸರಿಯುತ್ತಿತ್ತು. ಘಾಟಿನಿಂದ ಘಾಟಿಗೆ ಯಾತ್ರಿಕರನ್ನು ಕರೆದೊಯ್ಯುವ ಮೋಟರ್ ದೋಣಿಗಳ ತಳದಲ್ಲಿ ಟಪಟಪ ಎನ್ನುತ್ತಿದ್ದದ್ದು ನಮ್ಮ ತೋಟದ ಪಂಪ್‌ಸೆಟ್ಟಿನ ಬಳಗದ್ದೇ. ಹ್ಯಾಂಡಲ್ ಹಾಕಿ ತಿರುಗಿಸಿ, ವೇಗ ಬಂದಾಗ ಮೇಲಿನ ಲಿವರ್ ಬಿಟ್ಟರೆ ದಡ್ ಎಂದು ಹಿಡಿದುಕೊಳ್ಳುವ ಎಂಜಿನ್. ಈ ಬಗೆಯ ಎಂಜಿನ್ನನ್ನು ದೇಶದ ರೈತರ ಮನೆಗೆ ತಲುಪಿಸಿದವರಲ್ಲಿ ಕಿರ್ಲೋಸ್ಕರ್ ಹೆಸರು ಮೊದಲು ಬರುತ್ತದೆ. ಆ ಮನೆತನದ ಲಕ್ಷ್ಮಣರಾಯರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಉದ್ಯಮ ಶುರು ಮಾಡಿದವರು. ಕಾಶಿಯಲ್ಲಿ ದೋಣಿಯ ಎಂಜಿನ್‌ಗಳನ್ನು ಸಿಎನ್‌ಜಿಗೆ ಬದಲಿಸುವ ಕೆಲಸ ನಡೆದು, ಖಿಡಕಿಯಾ ಘಾಟಿನಲ್ಲಿ ನೀರಿನ ಮೇಲೇ ಗ್ಯಾಸ್ ಬಂಕ್ ಬಂತು. ದೋಣಿ ನಡೆಸುವ ನಿಷಾದ ಸಮುದಾಯದ ಹುಡುಗರು ನಾಝಲ್ ಬಿಟ್ಟು ಸಿಲಿಂಡರಿನ ರೆಗ್ಯುಲೇಟರ್ ಬಿಚ್ಚುವುದನ್ನು ಕಲಿಯಬೇಕಾಯಿತು.

ಹಳೆಯ ಡೀಸೆಲ್ ಎಂಜಿನ್‌ಗಳೆಲ್ಲ ಗುಜರಿಗೆ ಹೋಗಿಲ್ಲ. ಚಂಡಮಾರುತದಲ್ಲಿ ತಂತಿ ಹರಿದಾಗ, ಯುದ್ಧದಂಥ ಹೊತ್ತಿನಲ್ಲಿ ಬೇಕಾಗುತ್ತವೆಂದು ಒಂದಷ್ಟನ್ನು ರೈಲ್ವೆ ಕಾದಿರಿಸಿಕೊಂಡಿದೆ. ಸ್ಕೆನೆಕ್ಟಡಿಯಲ್ಲಿ ತಯಾರಾಗಿ ಬಂದ ಮೊದಲ ಡಬ್ಲ್ಯೂಡಿಎಂ-2, ಸಂಖ್ಯೆ 18040, ದೆಹಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯದಲ್ಲಿದೆ. ಕಾದಿರಿಸಿದ ಎಂಜಿನ್‌ಗಳಿಗೆ ಈಗ ಬರುವ ಕಾಯಿಲೆ ದುಡಿಮೆಯದಲ್ಲ, ನಿಂತಿರುವುದರದು. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ಇಬ್ಬನಿಯಂತೆ ನೀರು ಕಟ್ಟಿ ತಳಕ್ಕೆ ಇಳಿಯುತ್ತದೆ. ನೀರಿಗೂ ಡೀಸೆಲ್‌ಗೂ ನಡುವೆ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಫಿಲ್ಟರಿಗೆ ಕಟ್ಟುತ್ತದೆ. ರಿಂಗು ಲೈನರಿಗೆ ಅಂಟುತ್ತದೆ, ರಬ್ಬರ್ ಬಿರಿಯುತ್ತದೆ, ಬ್ಯಾಟರಿ ಇಳಿಯುತ್ತದೆ. ಮಲೆನಾಡಿನ ಕಾಫಿ ತೋಟಗಳಲ್ಲಿ, ಹೊಸ ಗಾಡಿ ಬಂದ ಮೇಲೆ ಕೊಟ್ಟಿಗೆ ಸೇರಿದ ಹಳೆಯ ಡೀಸೆಲ್ ಜೀಪುಗಳಿಗೂ ಇದೇ ಗತಿ. ಕುಯಿಲಿನ ಹೊತ್ತಿಗೆ ಟಾರ್ಪಾಲು ಸರಿಸಿ ಚಾವಿ ತಿರುಗಿಸಿದರೆ ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ. ಏರ್ ಹಿಡಿದಿದೆ ಎನ್ನುತ್ತಾ ಮೆಕ್ಯಾನಿಕ್ ಫಿಲ್ಟರ್ ತಲೆಯ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತತೊಡಗುತ್ತಾನೆ. ಮೊದಲು ಬರೀ ನೊರೆ, ಆಮೇಲೆ ನೊರೆಯ ನಡುವೆ ಡೀಸೆಲ್, ಕೊನೆಗೆ ಗುಳ್ಳೆಯಿಲ್ಲದ ತಿಳಿ ಧಾರೆ. ಆಗ ಸ್ಕ್ರೂ ಬಿಗಿದು, ಕೈ ಒರೆಸಿಕೊಂಡು, ಸೆಲ್ಫ್ ಹೊಡಿ ಎಂದು ಕೂಗುತ್ತಾನೆ.